ಪಾಕೀಟಿನ ಮೇಲೆ ‘ನಿರೋಧಕ’, ಕಾಯಿಯೊಳಗೆ ಹುಳ

ಕೋಲಾರದ ಬೀಜ-ಗೊಬ್ಬರದ ಅಂಗಡಿಗಳಲ್ಲಿ ಒಂದು ಪದ ಹಳೇ ನಾಲ್ಕಾಣೆ ಬಿಲ್ಲೆಯ ಹಾಗೆ ಸವೆದುಹೋಗಿದೆ. ಆ ಪದ ‘ನಿರೋಧಕ’. ಬಣ್ಣದ ಪಾಕೀಟು, ಮೇಲೆ ಕೆಂಪಗೆ ಹೊಳೆಯುವ ಟೊಮೇಟೊ, ಪಕ್ಕದಲ್ಲೇ ಈ ಪದ. ಯಾವುದಕ್ಕೆ ನಿರೋಧಕ? ರೋಗಕ್ಕೋ, ಹುಳಕ್ಕೋ? ಪೂರ್ತಿಯೋ, ಅರ್ಧವೋ? ಎಷ್ಟೋ ಪಾಕೀಟುಗಳಲ್ಲಿ ಅದು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಓದುವವರು ಯಾರು?

ಬೆಳೆಗಾರ ಕೇಳುತ್ತಾನೆ: “ಹುಳ ಬೀಳದಿರೋ ಬೀಜ ಕೊಡಪ್ಪ.” ಅಂಗಡಿಯವನು ಕೊಡುತ್ತಾನೆ: “ತಗೊಳ್ಳಿ ಯಜಮಾನ್ರೇ, ಇದು ನಿರೋಧಕ ಐತೆ.” ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಒಬ್ಬ ಹುಳದ ಮಾತಾಡುತ್ತಿದ್ದಾನೆ, ಇನ್ನೊಬ್ಬ ರೋಗದ ಮಾತಾಡುತ್ತಿದ್ದಾನೆ. ಈ ಗೊಂದಲದ ಬಿಲ್ಲು ಕೊನೆಗೆ ಬರುವುದು ರೈತನ ಸಾಲದ ಪುಸ್ತಕಕ್ಕೆ ಮತ್ತು ಸಂತೆಯಿಂದ ಚೀಲ ಹೊತ್ತು ಬಸ್ಸು ಹತ್ತುವವರ ಊಟದ ತಟ್ಟೆಗೆ.

ಉದಾಹರಣೆ ಬೇಕೇ? ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಅರ್ಕಾ ರಕ್ಷಕ್’ ಟೊಮೇಟೊ ಒಳ್ಳೆಯ ತಳಿ. ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯುತ್ತದೆ. ಅವರು ಹೇಳಿದ್ದು ಅಷ್ಟೇ. ಹುಳವನ್ನೂ ತಡೆಯುತ್ತದೆಂದು ಹೇಳಿಲ್ಲ. ದಕ್ಷಿಣ ಅಮೆರಿಕದಿಂದ ಬಂದು 2014ರಲ್ಲಿ ಮಹಾರಾಷ್ಟ್ರದಲ್ಲಿ ಕಂಡ ಟೂಟಾ ಎಂಬ ಹುಳ ಆಮೇಲೆ ಕರ್ನಾಟಕದ ಟೊಮೇಟೊ ತೋಟಗಳಿಗೂ ನುಗ್ಗಿತು. ಎಲೆಯೊಳಗೆ ಸುರಂಗ ತೋಡುತ್ತದೆ, ಕಾಯಿಯನ್ನೂ ಕೊರೆಯುತ್ತದೆ. ‘ರಕ್ಷಕ್’ ಎಂಬ ಹೆಸರು ನೋಡಿ ಹುಳ ವಾಪಸು ಹೋಗುತ್ತದೆಯೇ?

ಬೆಂಡೆಯ ಕಥೆಯೂ ಇದೇ. ಅದೇ ಸಂಸ್ಥೆಯ ‘ಅರ್ಕಾ ಅನಾಮಿಕ’ ಹೆಸರಾದದ್ದು ಹಳದಿ ನಂಜು ರೋಗವನ್ನು ತಡೆಯುವುದಕ್ಕೆ. ಆ ನಂಜನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ತಳಿ ತಡೆದದ್ದು ನಂಜನ್ನು, ನೊಣವನ್ನಲ್ಲ. ಕಾಯಿಕೊರಕವನ್ನಂತೂ ಅಲ್ಲವೇ ಅಲ್ಲ. ವರ್ಷಗಳು ಉರುಳಿದ ಮೇಲೆ ಆ ನಂಜಿನ ಎದುರೂ ಅದರ ಹಿಡಿತ ಸಡಿಲವಾಯಿತು.

ಹಾಗಾದರೆ ಹುಳವನ್ನೇ ತಡೆಯುವ ತರಕಾರಿ ತಳಿ ಇಲ್ಲವೇ? ಇವೆ, ಬೆರಳೆಣಿಕೆಯಷ್ಟು. ಹೆಸರಘಟ್ಟದವರದ್ದೇ ‘ಅರ್ಕಾ ಸೂರ್ಯಮುಖಿ’ ಎಂಬ ಪುಟ್ಟ ಕುಂಬಳ ಹಣ್ಣುನೊಣವನ್ನು ತಡೆಯುತ್ತದೆ. ಗಿಡಕ್ಕೂ ತನ್ನದೇ ಆಯುಧಗಳಿವೆ. ಎಲೆಯ ಮೇಲೆ ಒತ್ತಾಗಿ ಕೂದಲಿದ್ದರೆ ಜಿಗಿಹುಳಕ್ಕೆ ಕೂತು ರಸ ಹೀರುವುದು ಕಷ್ಟ. ಕಾಡು ಟೊಮೇಟೊಗಳಲ್ಲಿ ಕೆಲವಕ್ಕೆ ಎಲೆಕೂದಲಿನ ತುದಿಯಲ್ಲಿ ಅಂಟು ಇರುತ್ತದೆ, ಸಣ್ಣ ಹುಳಗಳು ಅದಕ್ಕೆ ಸಿಕ್ಕಿ ಸಾಯುತ್ತವೆ. ಕೆಲವು ಗಿಡಗಳನ್ನು ತಿಂದ ಹುಳ ಸರಿಯಾಗಿ ಬೆಳೆಯುವುದೇ ಇಲ್ಲ. ಇನ್ನು ಕೆಲವು, ಹುಳ ತಿಂದರೂ ಮತ್ತೆ ಚಿಗುರಿ ಫಸಲು ಕೊಡುತ್ತವೆ. ಮನುಷ್ಯ ದಪ್ಪ ಹಣ್ಣು, ಸಿಹಿ ರುಚಿ, ಹೆಚ್ಚು ಇಳುವರಿ ಅಂತ ಆರಿಸುತ್ತಾ ಆರಿಸುತ್ತಾ ಈ ಆಯುಧಗಳಲ್ಲಿ ಎಷ್ಟನ್ನೋ ಕಳೆದುಬಿಟ್ಟ. ಕಾಡುತಳಿಯಿಂದ ಅದನ್ನು ವಾಪಸು ತರಲು ಹೋದರೆ ಅದರ ಸಣ್ಣ ಹಣ್ಣು, ಕೆಟ್ಟ ರುಚಿ ಜೊತೆಗೇ ಬರುತ್ತವೆ. ಬೇಡದ್ದನ್ನು ಕಳೆಯಲು ವರ್ಷಗಟ್ಟಲೆ ದುಡಿಮೆ ಬೇಕು. ಇನ್ನೊಂದು ತಮಾಷೆ: ಹತ್ತಿಯಲ್ಲಿ ಜಿಗಿಹುಳ ತಡೆಯುವ ಅದೇ ಕೂದಲೆಲೆ ಬಿಳಿನೊಣಕ್ಕೆ ಇಷ್ಟ. ಒಬ್ಬ ಶತ್ರುವಿಗೆ ಬಾಗಿಲು ಹಾಕಿದರೆ ಇನ್ನೊಬ್ಬನಿಗೆ ಕಿಟಕಿ ತೆಗೆದಂತೆ.

ಈಗ ಬದನೆಗೆ ಬನ್ನಿ. ಮೋಸ ಹೆಚ್ಚು ನಡೆಯುವುದು ಇಲ್ಲೇ. ಕುಡಿ ಮತ್ತು ಕಾಯಿ ಕೊರಕದ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೋ ಕಾಯಿಯೊಳಗೋ ನುಗ್ಗಿ, ಬಂದ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸಿಂಪಡಿಸಿದರೂ ವಿಷ ಕಾಯಿಯ ಸಿಪ್ಪೆಗೆ, ಹುಳ ಒಳಗೆ ಆರಾಮ. ಸಂತೆಯಲ್ಲಿ ಗಿರಾಕಿ ಹುಡುಕಿ ಬೈಯುವ ದೊಡ್ಡ ತೂತು ಬಹುಪಾಲು ಹುಳ ಹೊರಗೆ ಹೋದ ದಾರಿ. ತೂತಿಲ್ಲದ, ಮಿರಮಿರ ಮಿಂಚುವ ಕಾಯಿಯೊಳಗೇ ಹುಳ ಕೂತಿರಬಹುದು.

ಈ ಕೊರಕವನ್ನು ಪೂರ್ತಿ ತಡೆಯುವ ಬದನೆ ತಳಿ ಮಾಮೂಲಿ ತಳಿ-ಸಂಕರದಿಂದ ಇನ್ನೂ ರೈತನ ಕೈಗೆ ಬಂದಿಲ್ಲ. ಕೆಲವು ಉದ್ದ, ತೆಳು ಕಾಯಿಯ ಜಾತಿಗಳಿಗೆ ಪೆಟ್ಟು ಕಡಿಮೆ. ಅಷ್ಟೇ. ಹೀಗಿರುವಾಗ ಬದನೆ ಬೀಜ ಮಾರುತ್ತಾ ‘ಹುಳ ನಿರೋಧಕ’ ಅಂತ ಬಾಯಲ್ಲಿ ಹೇಳುವುದು ಯಾವ ನ್ಯಾಯ? ನಂಬಿದ ರೈತ ಹೊಲದಲ್ಲಿ ಕುಡಿ ಬಾಡಿದ್ದು ನೋಡಿ ಅದೇ ಅಂಗಡಿಗೆ ಓಡಿ ಬರುತ್ತಾನೆ. ಆಗ ‘ಔಷಧಿ’ ಡಬ್ಬಿ ಹೊರಗೆ ಬರುತ್ತದೆ. ವಿಷಕ್ಕೆ ಔಷಧಿ ಅಂತ ಹೆಸರಿಟ್ಟವನು ಭಾರೀ ಬುದ್ಧಿವಂತ! ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೇಬಲ್ಲಿನಲ್ಲಿ ಇರುತ್ತದೆ. ಬದನೆ ಕೊಯ್ಲು ಬಿಟ್ಟು ಬಿಟ್ಟು ಬರುವ ಕೆಲಸ, ಸಂತೆ ದಿನ ರೈತನಿಗಾಗಿ ಕಾಯುತ್ತದೆಯೇ? ಮೊನ್ನೆ ಹೊಡೆದದ್ದು ಇವತ್ತು ತಕ್ಕಡಿಗೆ ಬರುತ್ತದೆ.

ಕುಲಾಂತರಿ ಬದನೆ ಬಂದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎನ್ನುವವರಿದ್ದಾರೆ. ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಅಂದಿನ ಪರಿಸರ ಮಂತ್ರಿ ಜೈರಾಂ ರಮೇಶ್ ಬೆಂಗಳೂರೂ ಸೇರಿದಂತೆ ಊರೂರಲ್ಲಿ ಸಾರ್ವಜನಿಕರ ಮಾತು ಕೇಳಿ, 2010ರ ಫೆಬ್ರವರಿ 9ರಂದು ತಡೆಹಿಡಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿ, 2014ರಲ್ಲಿ ರೈತರಿಗೆ ಸಸಿ ಕೊಟ್ಟಿತು. ಅಲ್ಲಿ ಕಾಯಿಕೊರಕದ ಕಾಟ ಇಳಿದದ್ದು ನಿಜ. ಆದರೆ ರಸ ಹೀರುವ ಹುಳಗಳಿಗೆ ಸಿಂಪಡಣೆ ನಿಲ್ಲಲಿಲ್ಲ. ಬಿಟಿ ಹತ್ತಿ ಈ ದೇಶಕ್ಕೆ 2002ರಲ್ಲಿ ಬಂತು. ಹತ್ತು-ಹದಿನೈದು ವರ್ಷದೊಳಗೆ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು. ಬೇಕು-ಬೇಡದ ಜಗಳ ಏನೇ ಇರಲಿ, ಪಾಠ ಒಂದೇ. ಯಾವ ಬೀಜವೂ ಎಲ್ಲ ಹುಳಕ್ಕೆ, ಎಲ್ಲ ಕಾಲಕ್ಕೆ ಬೀಗವಲ್ಲ.

ಬೀಗ ಇಲ್ಲದ ಕಡೆ ಕಾವಲು ಬೇಕು. ಬಾಡಿದ ಬದನೆ ಕುಡಿಯನ್ನು ಹುಳದ ಸಮೇತ ಕಿತ್ತು ನಾಶಮಾಡಬೇಕು. ಮೋಹಕ ಬಲೆ ಕಟ್ಟಬೇಕು. ಫಸಲು ಮುಗಿದ ಬದನೆ ಕಡ್ಡಿಯನ್ನು ಸೌದೆಗೆಂದು ಹೊಲದ ಬದುವಿನಲ್ಲಿ ಒಟ್ಟಬಾರದು, ಅದರೊಳಗಿಂದಲೇ ಹೊಸ ಪತಂಗಗಳು ಎದ್ದುಬರುತ್ತವೆ. ಒಬ್ಬ ಮಾಡಿ ಪಕ್ಕದವನು ಬಿಟ್ಟರೆ ಪ್ರಯೋಜನವಿಲ್ಲ, ಊರಿಗೆ ಊರೇ ಮಾಡಬೇಕು. ಕೋಸಿಗೆ ಹೆಸರಘಟ್ಟದವರೇ ಹೇಳಿಕೊಟ್ಟ ಉಪಾಯವಿದೆ: 25 ಸಾಲು ಕೋಸಿಗೆ 2 ಸಾಲು ಸಾಸಿವೆ, ವಜ್ರಬೆನ್ನಿನ ಪತಂಗ ಸಾಸಿವೆಗೇ ಹೋಗಿ ಮೊಟ್ಟೆಯಿಡುತ್ತದೆ. ಖರ್ಚು ಒಂದು ಹಿಡಿ ಸಾಸಿವೆ. ಆದರೆ ಸಾಸಿವೆಗೆ ಬಣ್ಣದ ಪಾಕೀಟಿಲ್ಲ, ಕಮಿಷನ್ನೂ ಇಲ್ಲ. ಹೇಳುವವರು ಯಾರು?

ಕಾನೂನು ಇಲ್ಲವೆಂದಲ್ಲ. 1966ರ ಬೀಜ ಕಾಯ್ದೆಯಡಿ 1968ರಲ್ಲಿ ಬಂದ ನಿಯಮಗಳು, ಬೀಜದ ಲೇಬಲ್ಲಿನಲ್ಲಿ ಸುಳ್ಳು ಅಥವಾ ದಾರಿತಪ್ಪಿಸುವ ಮಾತು ಇರಬಾರದೆಂದು ಆಗಲೇ ಹೇಳಿಟ್ಟಿವೆ. ಬೇಕಾಗಿರುವುದು ಜಾರಿ. ‘ನಿರೋಧಕ’ ಎಂದು ಬರೆಯುವ ಕಂಪನಿ ಯಾವ ರೋಗಕ್ಕೆ ಅಥವಾ ಯಾವ ಹುಳಕ್ಕೆ, ಪೂರ್ತಿಯೋ ಭಾಗಶಃವೋ, ಎಲ್ಲಿ ಪರೀಕ್ಷೆಯಾದದ್ದು ಎಂಬ ಮೂರು ಮಾತನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಲಿ. ತೋಟಗಾರಿಕೆ ಇಲಾಖೆಯವರು ಪ್ರತಿ ಹಂಗಾಮಿಗೆ ಮುಂಚೆ, ಜಿಲ್ಲೆಯಲ್ಲಿ ಮಾರಾಟವಾಗುವ ತಳಿಗಳಲ್ಲಿ ಯಾವುದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ನಾಲ್ಕು ಸಾಲು ನೆಟ್ಟು ತೋರಿಸಲು ಜಾಗಕ್ಕೆ ಬರವೇ?

ಅಂಗಡಿಯವರಿಗೂ ಒಂದು ಮಾತು. “ಇದು ರೋಗಕ್ಕೆ ಮಾತ್ರ ಯಜಮಾನ್ರೇ, ಹುಳಕ್ಕಲ್ಲ” ಅಂತ ಅಂದರೆ ಒಂದು ಪಾಕೀಟು ಕಡಿಮೆ ಹೋಗಬಹುದು. ಆದರೆ ಬೆಳೆ ಕೆಟ್ಟ ರೈತನ ಉದ್ದರಿ ವಸೂಲಾಗುವುದು ಯಾವ ಕಾಲಕ್ಕೆ? ನಿಜ ಹೇಳಿದವನ ಅಂಗಡಿಗೇ ಗಿರಾಕಿ ಮತ್ತೆ ಬರುತ್ತಾನೆ. ಕೊಳ್ಳುವವರೂ ಒಂದು ತೂತು ಕಂಡ ಕೂಡಲೇ ರಾಶಿಯನ್ನೇ ಒದ್ದು ಹೋಗುವುದು ಬಿಡಲಿ. ಹುಳ ಹಿಡಿದ ಭಾಗ ಕತ್ತರಿಸಿ ಎಸೆಯಬಹುದು, ಸಿಪ್ಪೆಗೆ ಹಿಡಿದ ವಿಷ ಕಣ್ಣಿಗೆ ಕಾಣುವುದಿಲ್ಲ.

ಪುಸ್ತಕದ ಬದನೆಕಾಯಿ ಸಾರಿಗಾಗದು ಅಂತ ಹಿರಿಯರು ಹೇಳಿದರು. ಪಾಕೀಟಿನ ಮೇಲಿನ ನಿರೋಧಕವೂ ಹೊಲಕ್ಕಾಗದು. ಮುಂದಿನ ಬಿತ್ತನೆಗೆ ಮುಂಚೆ ಸಂಬಂಧಪಟ್ಟವರು ಅಂಗಡಿಗಳ ಕಡೆ ಒಮ್ಮೆ ಕಾಲು ಹಾಕುವರೇ?