ಊರಿನ ದಾಖಲೆಗೆ ಇನ್ನೊಂದು ಮನೆ ಬೇಕು: ಬಾಡಿಗೆ ಸರ್ವರ್ ಬಗ್ಗೆ ನಮ್ಮ ಮಾತು

ಸರ್ವರ್ ಎಂಬ ಪದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಿ ಕಾಯುವಾಗ, ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಸಾಲು ನಿಂತಾಗ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳದವರು ಯಾರೂ ಇರಲಿಕ್ಕಿಲ್ಲ. ಅಂಥ ಒಂದು ಸರ್ವರನ್ನು ನಾವೇ ತಿಂಗಳ ಬಾಡಿಗೆಗೆ ಹಿಡಿಯಬಹುದು, ಹತ್ತು ಜನ ಸೇರಿದರೆ ತಲೆಗೆ ಬೀಳುವ ಖರ್ಚು ಒಂದು ಮೊಬೈಲ್ ರೀಚಾರ್ಜಿನಷ್ಟೇ ಎಂದರೆ ಮಾತ್ರ ಹೆಚ್ಚಿನವರು ನಂಬುವುದಿಲ್ಲ.

ನಮ್ಮ ವಾದ ಇಷ್ಟೇ. ತಾಲ್ಲೂಕು, ಹೋಬಳಿ ಮಟ್ಟದಲ್ಲಿ ಕೆಲಸ ಮಾಡುವ ವರದಿಗಾರರು ಒಂದಾಗಿ, ತಾವು ತೆಗೆದ ವಿಡಿಯೊ, ಫೋಟೊ, ಕಾಗದಪತ್ರಗಳ ಇನ್ನೊಂದು ಪ್ರತಿ ಇಡಲು ಒಂದು ಅಗ್ಗದ ಸರ್ವರ್ ಬಾಡಿಗೆಗೆ ಹಿಡಿಯಬೇಕು. ಆದರೆ ಸರ್ವರ್ ಹಿಡಿದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ. ಅದನ್ನು ನೋಡಿಕೊಳ್ಳುವ ಶಿಸ್ತು ಇದ್ದರೆ ಮಾತ್ರ ಉಳಿಯುತ್ತದೆ.

ಮೊದಲು, ನಮ್ಮ ಹತ್ತಿರ ಇರುವುದಾದರೂ ಏನು? ಗ್ರಾಮಸಭೆಯಲ್ಲಿ ಅಧಿಕಾರಿ ಕೊಟ್ಟ ಮಾತಿನ ವಿಡಿಯೊ. ಕೆರೆ ಒತ್ತುವರಿಯಾಗುವ ಮೊದಲು ಏರಿ ಹೇಗಿತ್ತು ಎಂಬ ಫೋಟೊ. ಆರ್‌ಟಿಐ ಅರ್ಜಿಗೆ ಬಂದ ಉತ್ತರ. ಈಗ ತೀರಿಹೋದ ಹಿರಿಯರು ಊರಿನ ಬಗ್ಗೆ ಹೇಳಿದ ಮಾತುಗಳ ಧ್ವನಿಮುದ್ರಣ. ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವ ನಮ್ಮಂಥವರು ಒಂದು ಗಂಟೆ ಚಿತ್ರೀಕರಿಸಿದರೆ, ಚಾನೆಲ್‌ನಲ್ಲಿ ಬರುವುದು ಒಂದು ನಿಮಿಷ. ಉಳಿದ ಐವತ್ತೊಂಬತ್ತು ನಿಮಿಷ ಇರುವುದು ನಮ್ಮ ಫೋನಿನಲ್ಲಿ ಅಥವಾ ಒಂದು ಮೆಮೊರಿ ಕಾರ್ಡಿನಲ್ಲಿ. ಜಾಗ ಸಾಲದಾದಾಗ ಮೊದಲು ಅಳಿಸುವುದೂ ಅದನ್ನೇ.

ಅದರ ಬೆಲೆ ಗೊತ್ತಾಗುವುದು ಆಮೇಲೆ. 2019ರ ಆಗಸ್ಟ್ ಪ್ರವಾಹದಲ್ಲಿ ಉತ್ತರ ಕರ್ನಾಟಕದ ಹೊಳೆದಂಡೆಯ ಊರುಗಳು ಮುಳುಗಿದವು. ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ರೂಪಾಯಿವರೆಗೆ ಪರಿಹಾರ ಎಂದು ಸರ್ಕಾರ ಹೇಳಿತು. ಮನೆ ಪೂರ್ತಿ ಬಿದ್ದಿದೆಯೋ ಅರ್ಧ ಬಿದ್ದಿದೆಯೋ ಎಂಬುದರ ಮೇಲೆ ಹಣ ನಿಂತಾಗ, ನೀರು ಬರುವ ಮೊದಲು ಆ ಮನೆ ಹೇಗಿತ್ತು, ಇಳಿದ ದಿನ ಹೇಗಿತ್ತು ಎಂದು ತೋರಿಸುವ ಫೋಟೊ ಬರೀ ಸುದ್ದಿಯ ಫೋಟೊ ಅಲ್ಲ, ಆ ಮನೆಯವರ ಆಧಾರ.

ವರದಿಗಾರನಿಗೂ ಅದೇ ಆಧಾರ. ಮಾನನಷ್ಟದ ಸಿವಿಲ್ ದಾವೆ ಹೂಡಲು ಕಾನೂನಿನಲ್ಲಿ 1 ವರ್ಷದ ಕಾಲಮಿತಿ ಇದೆ. ಕ್ರಿಮಿನಲ್ ದೂರಿಗೆ 3 ವರ್ಷ. ಅಂದರೆ ಇವತ್ತು ಬರೆದ ಸುದ್ದಿಗೆ ಎರಡೂವರೆ ವರ್ಷದ ಮೇಲೆ ನೋಟಿಸ್ ಬರಬಹುದು. ಆಗ "ವಿಡಿಯೊ ಇತ್ತು ಸಾರ್, ಫೋನ್ ಹಾಳಾಯಿತು" ಎಂದರೆ ಯಾರೂ ಕೇಳುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಫೋನು ಕಂಪ್ಯೂಟರಿನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಆ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಅದು ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊವನ್ನು ಅದು ಕುಗ್ಗಿಸಿ ಕಳಿಸುತ್ತದೆ. ಹಾಗೆ ಬಂದದ್ದು ಮೂಲ ಫೈಲ್ ಅಲ್ಲ, ಅದರ ಹೆಬ್ಬೆಟ್ಟೂ ಬೇರೆ. ಆದ್ದರಿಂದ "ಗ್ರೂಪಿನಲ್ಲಿ ಇದೆಯಲ್ಲ" ಎಂಬ ಸಮಾಧಾನ ಸಾಲದು.

ಹಾಗಾದರೆ ಗೂಗಲ್‌ನಲ್ಲಿ ಇಟ್ಟರಾಯಿತಲ್ಲ ಎನ್ನಬಹುದು. ಇಡಿ, ಬೇಡ ಎನ್ನುವುದಿಲ್ಲ. ಆದರೆ ಲೆಕ್ಕ ನೋಡಿ. ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲಾ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಒಂದು ನಿಮಿಷದ ಒಳ್ಳೆಯ ವಿಡಿಯೊಗೆ 100 ಎಂಬಿ ಎಂದು ಹಿಡಿದರೂ ಎರಡೂವರೆ ಗಂಟೆಗೆ ಜಾಗ ಖಾಲಿ. ಒಂದೆರಡು ಗ್ರಾಮಸಭೆಗೆ ಸರಿಹೋಯಿತು. ಇನ್ನು, ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನೂ ಗೂಗಲ್ ಮಾಡಿಕೊಂಡಿದೆ.

ಈಗ ಬಾಡಿಗೆ ಸರ್ವರ್ ಕಡೆಗೆ ಬರೋಣ. ಡೆಡಿಕೇಟೆಡ್ ಸರ್ವರ್ ಎಂದರೆ ದೊಡ್ಡ ಡೇಟಾ ಸೆಂಟರಿನಲ್ಲಿರುವ ಒಂದು ಇಡೀ ಕಂಪ್ಯೂಟರನ್ನು ನಿಮಗೊಬ್ಬರಿಗೇ ಬಿಟ್ಟುಕೊಡುವುದು. ಹಾಸ್ಟೆಲ್ಲಿನಲ್ಲಿ ಒಂದು ಮಂಚ ಹಿಡಿಯುವುದಕ್ಕೂ ಪೂರ್ತಿ ಮನೆ ಬಾಡಿಗೆಗೆ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ. ವಿದ್ಯುತ್, ಇಂಟರ್ನೆಟ್, ತಂಪು ಎಲ್ಲಾ ಅವರದ್ದು. ಒಳಗಿನ ಡಿಸ್ಕು ನಮ್ಮ ಬಳಕೆಗೆ. ಜರ್ಮನಿಯ ಹೆಟ್ಜ್ನರ್ ಕಂಪನಿ ತನ್ನ ಹಳೆಯ ಯಂತ್ರಗಳನ್ನು ಹರಾಜಿನ ರೀತಿ ಬಾಡಿಗೆಗೆ ಕೊಡುತ್ತದೆ. ಯಾರೂ ಹಿಡಿಯದೆ ದಿನ ಕಳೆದಂತೆ ಬಾಡಿಗೆ ಇಳಿಯುತ್ತದೆ. ಫ್ರಾನ್ಸಿನ ಓವಿಎಚ್ ಕಂಪನಿಗೂ ಕಿಮ್ಸುಫಿ ಎಂಬ ಅಗ್ಗದ ಸಾಲು ಇದೆ. ಭಾರತದ ಡೇಟಾ ಸೆಂಟರುಗಳಲ್ಲೂ ಸರ್ವರ್ ಬಾಡಿಗೆಗೆ ಸಿಗುತ್ತವೆ. ನಮಗೆ ಹೊಸ ಯಂತ್ರ ಬೇಕಿಲ್ಲ, ವೇಗ ಬೇಕಿಲ್ಲ. ದೊಡ್ಡ ಡಿಸ್ಕು ಇದ್ದರೆ ಸಾಕು. ಅದಕ್ಕೇ ಹಳೆಯ ಯಂತ್ರ ನಮಗೆ ಹೊಂದುತ್ತದೆ.

ಬಾಡಿಗೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ತೆರಿಗೆ, ವಿದೇಶಿ ಹಣದ ಶುಲ್ಕ ಸೇರಿ ತಿಂಗಳಿಗೆ 4,000 ರೂಪಾಯಿ ಎಂದು ಇಟ್ಟುಕೊಳ್ಳಿ. ಒಬ್ಬ ಸ್ಟ್ರಿಂಗರ್‌ಗೆ ಅದು ಆಗದ ಮಾತು. ಹತ್ತು ಜನಕ್ಕೆ ಹಂಚಿದರೆ ತಲೆಗೆ 400. ಅದೂ ಕಷ್ಟವಾದರೆ ಇಪ್ಪತ್ತು ಜನ ಸೇರಲಿ. ಸ್ವಸಹಾಯ ಸಂಘದಲ್ಲಿ ವಾರ ವಾರ ಹಣ ಕಟ್ಟಿ ಲೆಕ್ಕ ಇಡುವುದನ್ನು ನಮ್ಮ ತಾಯಂದಿರು, ಅಕ್ಕಂದಿರು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಓದಿದ ನಮಗೆ ಅದು ಆಗದೆ ಇರುವುದೇನೂ ಇಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಬ್ಬರದೇ ಫೈಲುಗಳು, ಅದೂ ಒಂದು ಟಿಬಿ ಒಳಗೆ ಎಂದಾದರೆ ಇಡೀ ಸರ್ವರ್ ದುಬಾರಿ. ಅಂಥವರು ಒಂದು ಹಾರ್ಡ್ ಡಿಸ್ಕ್ ಕೊಂಡು, ಇನ್ನೊಂದು ಪ್ರತಿಯನ್ನು ಜಿಬಿ ಲೆಕ್ಕದ ಆನ್‌ಲೈನ್ ಜಾಗದಲ್ಲಿ ಇಡುವುದೇ ಲೇಸು. ಹಲವರು ಸೇರಿ ಹಲವು ಟಿಬಿ ಆದಾಗಲೇ ಸರ್ವರ್ ಲಾಭ. ಆಗ ಇನ್ನೊಂದು ಅನುಕೂಲವೂ ಇದೆ. ಕೆಲವು ದೊಡ್ಡ ಕ್ಲೌಡ್ ಕಂಪನಿಗಳು ಇಟ್ಟದ್ದಕ್ಕೂ ದುಡ್ಡು ಕೇಳುತ್ತವೆ, ವಾಪಸ್ ತೆಗೆದುಕೊಳ್ಳುವಾಗಲೂ ಜಿಬಿಗಿಷ್ಟು ಎಂದು ಕೇಳುತ್ತವೆ. ಬಾಡಿಗೆ ಸರ್ವರುಗಳಲ್ಲಿ ಅನೇಕವು ತಿಂಗಳಿಗೆ ಒಂದೇ ದರ.

ಎರಡನೆಯ ಪ್ರಶ್ನೆ, ನಮ್ಮ ಊರಿನ ಇಂಟರ್ನೆಟ್ಟಿನಲ್ಲಿ ಇದು ಆಗುತ್ತದೆಯೇ? ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ ಒಂದು ಜಿಬಿ ಹೋಗಲು ಸುಮಾರು 13 ನಿಮಿಷ. ಒಂದು ಟಿಬಿಗೆ ಹಗಲು ರಾತ್ರಿ ಬಿಡದೆ 9 ದಿನಕ್ಕೂ ಹೆಚ್ಚು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಾದರೆ 500 ದಿನ. ಆದ್ದರಿಂದ ಹಳೆಯದನ್ನೆಲ್ಲಾ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಪಟ್ಟಣದಲ್ಲಿ ಫೈಬರ್ ಸಂಪರ್ಕ ಇರುವ ಗೆಳೆಯರ ಮನೆಯಿಂದ ಒಮ್ಮೆ ಕಳಿಸಬೇಕು. ಆಮೇಲೆ ದಿನದ ಹೊಸ ಫೈಲು ಮಾತ್ರ. 2 ಜಿಬಿಗೆ ಅರ್ಧ ಗಂಟೆ ಸಾಕು. ರಾತ್ರಿ ಮಲಗುವಾಗ ಹಚ್ಚಿಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ.

ಈಗ ಶಿಸ್ತಿನ ಮಾತು. ಡೇಟಾ ಸೆಂಟರಿನಲ್ಲಿ ಇಟ್ಟರೆ ಭದ್ರ ಎಂದು ಕಣ್ಣು ಮುಚ್ಚಿ ನಂಬಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪಿಗೆಂದೇ ಹಣ ಕೊಟ್ಟಿದ್ದ ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅಲ್ಲೇ ಇತ್ತು. ಎರಡೂ ಹೋದವು, ಕೊನೆಗೆ ಕೋರ್ಟು ಹತ್ತಬೇಕಾಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟಿಬಿ ಮಾಹಿತಿ ಬೂದಿಯಾಯಿತು. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ಅಷ್ಟು ಮುಂದುವರಿದ ದೇಶದ ಸರ್ಕಾರಕ್ಕೇ ಹೀಗಾದರೆ ನಮ್ಮ ಪಾಡೇನು?

ಹಾಗಾಗಿ ಸರ್ವರ್ ಎಂಬುದು ಮೂರನೇ ಪ್ರತಿಯ ಜಾಗವೇ ಹೊರತು ಇರುವ ಒಂದೇ ಪ್ರತಿಯ ಜಾಗ ಅಲ್ಲ. ಈ ಕೆಲಸ ಬಲ್ಲವರು 3-2-1 ಎಂದು ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಮ್ಮ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಿತ್ತನೆಯ ಕಾಳನ್ನು ತಿನ್ನುವ ಕಾಳಿನ ಜೊತೆ ಒಂದೇ ಚೀಲದಲ್ಲಿ ಯಾರೂ ಇಡುವುದಿಲ್ಲ.

ಸರ್ವರಿನಲ್ಲಿ ಎರಡು ಡಿಸ್ಕಿಗೂ ಒಂದೇ ಮಾಹಿತಿ ಬರೆಯುವ ರೇಡ್ ಎಂಬ ವ್ಯವಸ್ಥೆ ಇರುತ್ತದೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಉಳಿಯುತ್ತದೆ, ಒಳ್ಳೆಯದೇ. ಆದರೆ ತಪ್ಪಿ ಒಂದು ಫೈಲ್ ಅಳಿಸಿದರೆ ಎರಡೂ ಕಡೆ ಒಟ್ಟಿಗೇ ಅಳಿಯುತ್ತದೆ. ಅದನ್ನೇ ಬ್ಯಾಕಪ್ ಎಂದುಕೊಳ್ಳಬಾರದು. ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳುವ ವೈರಸ್ ನಮ್ಮ ಲ್ಯಾಪ್‌ಟಾಪಿಗೆ ಬಂದರೆ, ಸರ್ವರಿನ ಪ್ರತಿಗೂ ಕೈ ಹಾಕುತ್ತದೆ. ಅದಕ್ಕೇ ನಮ್ಮ ಕಡೆಯಿಂದ ಹೊಸದನ್ನು ಸೇರಿಸಬಹುದು, ಹಳೆಯದನ್ನು ಅಳಿಸಲಾಗದು ಎಂಬಂತೆ ವ್ಯವಸ್ಥೆ ಮಾಡಿಕೊಳ್ಳಬೇಕು. ರೆಸ್ಟಿಕ್, ಬೋರ್ಗ್ ಎಂಬ ಉಚಿತ ತಂತ್ರಾಂಶಗಳಲ್ಲಿ ಇದು ಸಾಧ್ಯ.

ಅವೇ ತಂತ್ರಾಂಶಗಳು ಫೈಲಿಗೆ ಗುಪ್ತಲಿಪಿಯ ಬೀಗ ಹಾಕಿಯೇ ಕಳಿಸುತ್ತವೆ. ಇದು ಬಹಳ ಮುಖ್ಯ. ನಮ್ಮ ಫೈಲುಗಳಲ್ಲಿ ಹೆಸರು ಹೇಳಬೇಡಿ ಎಂದು ಕೈಮುಗಿದು ಮಾತಾಡಿದ ಹೆಣ್ಣುಮಕ್ಕಳಿದ್ದಾರೆ, ಗುತ್ತಿಗೆದಾರನ ವಿರುದ್ಧ ಕಾಗದ ಕೊಟ್ಟ ನೌಕರರಿದ್ದಾರೆ. ಅವರ ಮುಖ, ಧ್ವನಿ ಯಾರೋ ತೆರೆದು ನೋಡುವಂತೆ ಇಡುವುದು ದ್ರೋಹ. ಆದರೆ ಬೀಗದ ಪಾಸ್‌ವರ್ಡ್ ಕಳೆದರೆ ನಮಗೂ ತೆರೆಯಲು ಆಗುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದು ಇಬ್ಬರ ಮನೆಯಲ್ಲಿ, ಜಮೀನಿನ ಪತ್ರ ಇಡುವಷ್ಟೇ ಜೋಪಾನವಾಗಿ ಇಡಬೇಕು.

ಎಲ್ಲಕ್ಕಿಂತ ದೊಡ್ಡದು ಪರೀಕ್ಷೆ. ಗಿಟ್‌ಲ್ಯಾಬ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪಾದ ಸರ್ವರಿನಲ್ಲಿ ಮಾಹಿತಿ ಅಳಿಸಿಬಿಟ್ಟರು. ಬ್ಯಾಕಪ್ ತೆರೆಯಲು ಹೋದರೆ, ಮಾಡಿಟ್ಟಿದ್ದ ಹಲವು ವ್ಯವಸ್ಥೆಗಳು ಕೆಲಸವೇ ಮಾಡುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಅದೃಷ್ಟಕ್ಕೆ ಉಳಿದಿತ್ತು. ಬ್ಯಾಕಪ್ ಇದೆ ಎಂದು ನಂಬುವುದು ಬೇರೆ, ಅದು ವಾಪಸ್ ಬರುತ್ತದೆ ಎಂದು ಕಂಡುಕೊಳ್ಳುವುದು ಬೇರೆ. ತಿಂಗಳಿಗೊಮ್ಮೆ, ಒಬ್ಬರ ಸರದಿಯಂತೆ, ಯಾವುದಾದರೂ ಹಳೆಯ ವಿಡಿಯೊವನ್ನು ಸರ್ವರಿನಿಂದ ಇಳಿಸಿ, ತೆರೆದು ನೋಡಿ, ಗುಂಪಿಗೆ ತಿಳಿಸಬೇಕು. ಸರ್ವರಿನ ಲಿನಕ್ಸ್ ಅಪ್‌ಡೇಟ್ ಮಾಡುವವರು ಯಾರು, ಬಾಡಿಗೆ ಕಟ್ಟುವ ಕಾರ್ಡ್ ಯಾರದು, ಅವರಿಗೆ ಹುಷಾರಿಲ್ಲದಿದ್ದರೆ ಮುಂದೆ ಯಾರು, ಇದೆಲ್ಲ ಮೊದಲೇ ಬರೆದಿಡಬೇಕು. ಬಾಡಿಗೆ ನಿಂತರೆ ಯಂತ್ರ ಕೈತಪ್ಪುತ್ತದೆ, ಡಿಸ್ಕ್ ಅಳಿಸಿ ಬೇರೆಯವರಿಗೆ ಕೊಡುತ್ತಾರೆ. ಮೂರು ತಿಂಗಳ ಬಾಡಿಗೆ ಯಾವಾಗಲೂ ಕೈಯಲ್ಲಿರಲಿ.

ಇಷ್ಟೆಲ್ಲಾ ತಾಪತ್ರಯ ಯಾಕೆ, ದೊಡ್ಡ ಪತ್ರಿಕೆಗಳು ಇಟ್ಟುಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಇಡುವುದು ಅಚ್ಚಾದದ್ದನ್ನು, ಪ್ರಸಾರವಾದದ್ದನ್ನು. ನಿಮ್ಮ ಊರಿನ ಗ್ರಾಮಸಭೆಯ ಪೂರ್ತಿ ಮಾತುಕತೆ ಅವರಿಗೆ ಬೇಕಿಲ್ಲ. ಅದು ಬೇಕಾಗಿರುವುದು ನಿಮಗೆ, ನಾಳೆ ನಿಮ್ಮ ಮಕ್ಕಳಿಗೆ. ನಾವು ಇಡದಿದ್ದರೆ ಇನ್ನಾರೂ ಇಡುವುದಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ರಸ್ತೆ ಕಾಮಗಾರಿ, ಬೆಳೆಹಾನಿ, ಒತ್ತುವರಿ ಬಗ್ಗೆ ನೀವು ತೆಗೆದ ವಿಡಿಯೊ ನಮಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. ಆಗ ಅದು ಕುಗ್ಗದೆ ಮೂಲ ಫೈಲೇ ಬರುತ್ತದೆ. ನಿಮ್ಮ ಫೋನಿನಲ್ಲಿರುವುದನ್ನೂ ತಕ್ಷಣ ಅಳಿಸಬೇಡಿ. ನಮ್ಮ ಜೊತೆ ಕೆಲಸ ಮಾಡುವ ಗೆಳೆಯರಿಗೆ ಹೇಳುವುದು ಇಷ್ಟು: ಈ ತಿಂಗಳು ನಿಮ್ಮ ತಾಲ್ಲೂಕಿನಲ್ಲಿ ಹತ್ತು ಜನರ ಪಟ್ಟಿ ಮಾಡಿ, ಯಾರ ಹತ್ತಿರ ಎಷ್ಟು ಜಿಬಿ ಇದೆ ಎಂದು ಬರೆದುಕೊಳ್ಳಿ. ಸರ್ವರ್ ಹುಡುಕುವುದು ಆಮೇಲಿನ ಕೆಲಸ.