ಹೊಲ ಮಕ್ಕಳಿಗೆ, ಲೆಕ್ಕ ಯಾರಿಗೆ?



"ನಮಗೆಲ್ಲಿಯ ಟ್ಯಾಕ್ಸು? ಅದೆಲ್ಲಾ ಪ್ಯಾಟಿ ಮಂದಿ ಕಥೆ" ಎಂದು ನಮ್ಮ ಕಡೆ ಹೇಳುವ ರೂಢಿ ಇದೆ. ಮಾತು ಅರ್ಧ ನಿಜ. ಹೊಲದಲ್ಲಿ ಬೆಳೆದ ಭತ್ತ, ತೊಗರಿ, ಹತ್ತಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅಪ್ಪನ ಹೊಲ ಮಗನಿಗೋ ಮಗಳಿಗೋ ವಾರಸಾಗಿ ಬಂದರೆ ಅದಕ್ಕೂ ಇಲ್ಲ. ಉಳಿದ ಅರ್ಧ ಎದುರಾಗುವುದು ಹೊಲ ಕೈ ಬದಲಾಗುವ ದಿನ. ಆ ದಿನ ಮನೆಯಲ್ಲಿ ಒಂದೋ ಸಾವಾಗಿರುತ್ತದೆ, ಇಲ್ಲವೇ ಮದುವೆ, ಇಲ್ಲವೇ ಸಾಹುಕಾರ ಬಾಗಿಲಲ್ಲಿ ನಿಂತಿರುತ್ತಾನೆ. ಕಾಯ್ದೆ ಓದಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಅದಕ್ಕೇ ಈಗ ಸುಗ್ಗಿ ಮುಗಿಸಿ ಕೂತಾಗ ಓದ್ರಿ.

ಸತ್ತವರ ಆಸ್ತಿಯ ಮೇಲೆ ತೆರಿಗೆ ಈ ದೇಶದಲ್ಲಿ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ ಕಾಯ್ದೆ ಬಂತು. ಒಂದು ಕಾಲಕ್ಕೆ 20 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇಕಡಾ 85 ಕೇಳುತ್ತಿದ್ದರು. 1985ರಲ್ಲಿ ಅದನ್ನು ತೆಗೆದರು. ಸಂಪತ್ತು ತೆರಿಗೆಯನ್ನು 1969ರಲ್ಲಿ ಬೇಸಾಯದ ಭೂಮಿಗೂ ಹಬ್ಬಿಸಿದ್ದರು. ಕೇಂದ್ರಕ್ಕೆ ಆ ಅಧಿಕಾರ ಇದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1971ರ ಧಿಲ್ಲೋನ್ ಮೊಕದ್ದಮೆಯಲ್ಲಿ "ಇದೆ" ಎಂದಾಯಿತು. ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ಹೋದವು. 2024ರ ಲೋಕಸಭೆ ಚುನಾವಣೆ ಕಾಲಕ್ಕೆ ವಾರಸಾ ತೆರಿಗೆಯ ಮಾತು ಮತ್ತೆ ಎದ್ದು ಅಡಗಿತು. ಹೋದ ತೆರಿಗೆ ಮತ್ತೆ ಬರುವುದೇ ಇಲ್ಲ ಎಂದು ಯಾರೂ ಬರೆದು ಕೊಟ್ಟಿಲ್ಲ. ಇಂಗ್ಲೆಂಡಿನ ರೈತರು ಹಾಗೇ ನಂಬಿ ಕೂತಿದ್ದರು. 2024ರ ಅಕ್ಟೋಬರಿನ ಬಜೆಟ್ಟಿನಲ್ಲಿ ಅಲ್ಲಿಯ ಸರ್ಕಾರ ಬೇಸಾಯದ ಆಸ್ತಿಗಿದ್ದ ವಾರಸಾ ತೆರಿಗೆ ವಿನಾಯಿತಿಗೆ 10 ಲಕ್ಷ ಪೌಂಡಿನ ಮಿತಿ ಹಾಕಿತು. ರೈತರು ಟ್ರ್ಯಾಕ್ಟರ್ ತಂದು ಲಂಡನ್ನಿನ ಬೀದಿಯಲ್ಲಿ ನಿಲ್ಲಿಸಿದರು. 2025ರ ಡಿಸೆಂಬರಿನಲ್ಲಿ ಸರ್ಕಾರ ಮಿತಿಯನ್ನು 25 ಲಕ್ಷ ಪೌಂಡಿಗೆ ಏರಿಸಿತು. ಕೂಗಿದ್ದರಿಂದ ಏರಿತು ಎಂಬುದನ್ನು ಬೇರೆ ಹೇಳಬೇಕೇನು?

ಈಗ ನಮ್ಮ ಸಿಂಧನೂರಿಗೆ ಬರೋಣ. ಹಳ್ಳಿಯ ಹೊಲ ಮಾರಿದರೆ ಲಾಭದ ಮೇಲೆ ತೆರಿಗೆ ಇಲ್ಲ, ಏಕೆಂದರೆ ಆದಾಯ ತೆರಿಗೆ ಕಾಯ್ದೆ ಅದನ್ನು ಬಂಡವಾಳದ ಆಸ್ತಿ ಎಂದು ಎಣಿಸುವುದೇ ಇಲ್ಲ. ಆದರೆ "ಹಳ್ಳಿಯ ಹೊಲ" ಯಾವುದು ಎಂದು ತೀರ್ಮಾನಿಸುವುದು ನೀವಲ್ಲ, ನಿಮ್ಮ ಪಹಣಿಯೂ ಅಲ್ಲ. ಹತ್ತು ಸಾವಿರ ಜನಸಂಖ್ಯೆ ದಾಟಿದ ಊರಿನ ಪುರಸಭೆ ಅಥವಾ ನಗರಸಭೆಯ ಗಡಿಯೊಳಗಿನ ಹೊಲ, ಆ ಗಡಿಯಿಂದ 2 ಕಿಲೋಮೀಟರ್ ಒಳಗಿನ ಹೊಲ, ಜೋಳ ಬಿತ್ತಿದ್ದರೂ ಪೇಟೆಯ ಆಸ್ತಿ. ಊರಿನ ಜನಸಂಖ್ಯೆ ಲಕ್ಷ ದಾಟಿದರೆ 2 ಹೋಗಿ 6 ಕಿಲೋಮೀಟರ್. ಹತ್ತು ಲಕ್ಷ ದಾಟಿದರೆ 8. ಮೊದಲು ಈ ದೂರವನ್ನು ರಸ್ತೆಯ ಮೇಲೆ ಅಳೆಯಬೇಕೋ ನೇರ ಗೆರೆಯಲ್ಲಿ ಅಳೆಯಬೇಕೋ ಎಂಬ ವಾದ ಕೋರ್ಟುಗಳಲ್ಲಿ ನಡೆದಿತ್ತು, ಹಲವು ತೀರ್ಪು ರಸ್ತೆಯ ಪರ ಬಂದವು. 2013ರ ಹಣಕಾಸು ಕಾಯ್ದೆ ಆ ಬಾಗಿಲು ಮುಚ್ಚಿತು. ಈಗ ಹಕ್ಕಿ ಹಾರುವ ದೂರವೇ ದೂರ. ಕಾಲುವೆ ಸುತ್ತಿ ಬಂದರೆ ನಾಲ್ಕು ಕಿಲೋಮೀಟರ್ ಆಗುತ್ತದೆ ಎಂದರೆ ಅಧಿಕಾರಿ ಕೇಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಗಮನಿಸಿ. ಜನಸಂಖ್ಯೆ ಎಂದರೆ ಪ್ರಕಟವಾದ ಕೊನೆಯ ಜನಗಣತಿ. 2011ರ ಗಣತಿಯಲ್ಲಿ ಸಿಂಧನೂರು ನಗರ ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿತ್ತು. ಲಿಂಗಸುಗೂರು, ಮಸ್ಕಿ ಅದಕ್ಕಿಂತ ಬಹಳ ಸಣ್ಣವು. ಹಾಗಾಗಿ ಮೂರಕ್ಕೂ 2 ಕಿಲೋಮೀಟರಿನ ಲೆಕ್ಕ ನಡೆದುಬಂದಿದೆ. ಮುಂದಿನ ಗಣತಿ 2027ಕ್ಕೆ ಎಂದು ಸರ್ಕಾರ ಸಾರಿದೆ. ಸಿಂಧನೂರು ಬೆಳೆದಿರುವ ರೀತಿ ನೋಡಿದವರಿಗೆ ಅದು ಲಕ್ಷ ದಾಟಿದರೆ ಆಶ್ಚರ್ಯವಾಗದು. ಹೊಸ ಅಂಕಿ ಪ್ರಕಟವಾಗಿ ಲಕ್ಷ ದಾಟಿತು ಅನ್ನಿ, ಸುತ್ತಲಿನ ಹಳ್ಳಿ, ಕ್ಯಾಂಪುಗಳ ಎಷ್ಟೋ ಗದ್ದೆಗಳು ಒಂದು ಗುಂಟೆಯೂ ಅಲುಗದೆ ತೆರಿಗೆಯ ಗೆರೆಯೊಳಗೆ ಬಂದುಬಿಡುತ್ತವೆ. ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ಬರಲಿ ಬಿಡಲಿ, ತೆರಿಗೆ ಮಾತ್ರ ಟೇಲ್ ಎಂಡ್ ತನಕ ಮುಟ್ಟುತ್ತದೆ!

ಲೆಕ್ಕ ಹೇಗೆ? ಅಪ್ಪನಿಂದ ಬಂದ ಹೊಲಕ್ಕೆ ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಬೆಲೆ. ಹಳೆಯ ಆಸ್ತಿಯಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು, ಆದರೆ ಅಂದಿನ ಸರ್ಕಾರಿ ಮಾರ್ಗಸೂಚಿ ದರ ಮೀರುವಂತಿಲ್ಲ. 2024ರ ಜುಲೈ 23ರಿಂದ ದರ ಶೇಕಡಾ 12.5 ಆಯಿತು, ಬೆಲೆಯೇರಿಕೆಯ ಸೂಚ್ಯಂಕದ ರಿಯಾಯಿತಿ ಹೋಯಿತು. ಗಲಾಟೆ ಆದ ಮೇಲೆ, ಆ ದಿನಕ್ಕಿಂತ ಮೊದಲು ಕೈಗೆ ಬಂದ ಭೂಮಿಗೆ ಹಳೆಯ ಶೇಕಡಾ 20ರ ಸೂಚ್ಯಂಕದ ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದು ಎಂದು ಸಡಿಲಿಸಿದರು. ಒಂದು ಉದಾಹರಣೆಗೆ, 2001ರಲ್ಲಿ 2 ಲಕ್ಷ ಬಾಳುತ್ತಿದ್ದ ಪೇಟೆ ಪಕ್ಕದ ಹೊಲವನ್ನು 2025-26ರಲ್ಲಿ 50 ಲಕ್ಷಕ್ಕೆ ಕೊಟ್ಟಿರಿ ಎನ್ನೋಣ. ಹೊಸ ಲೆಕ್ಕದಲ್ಲಿ 48 ಲಕ್ಷಕ್ಕೆ ಶೇಕಡಾ 12.5, ಅಂದರೆ 6 ಲಕ್ಷ. ಹಳೆಯ ಲೆಕ್ಕದಲ್ಲಿ 2 ಲಕ್ಷ ಬೆಳೆದು 7 ಲಕ್ಷ 52 ಸಾವಿರ ಆಗುತ್ತದೆ, ಉಳಿದದ್ದಕ್ಕೆ ಶೇಕಡಾ 20, ಸುಮಾರು ಎಂಟೂವರೆ ಲಕ್ಷ. ಸೆಸ್ಸು ಬೇರೆ. ಎರಡು ವರ್ಷದಿಂದ ಸಾಗುವಳಿ ಇದ್ದ ಹೊಲ ಮಾರಿ, ಎರಡು ವರ್ಷದೊಳಗೆ ಬೇರೆ ಬೇಸಾಯದ ಹೊಲ ಕೊಂಡರೆ, ಹಾಕಿದಷ್ಟಕ್ಕೆ ಮಾಫಿ. ಅಲ್ಲಿಯವರೆಗೆ ಹಣ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು, ಮನೆಯ ಪೆಟ್ಟಿಗೆಯಲ್ಲಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಕೂರಿಸಿದ್ದಾರೆ. ಕಲಮಿನ ನಂಬರು ಬದಲಾಗಿವೆ, ಈ ತಿರುಳು ಉಳಿದಿದೆ. ಸರ್ಕಾರವೇ ರೈಲು ದಾರಿಗೋ ಕಾಲುವೆಗೋ 2013ರ ಭೂಸ್ವಾಧೀನ ಕಾಯ್ದೆಯಡಿ ತೆಗೆದುಕೊಂಡ ಭೂಮಿಯ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಅದರಲ್ಲಿ ಕಡಿತ ಮಾಡಿದ್ದರೆ ಸುಮ್ಮನಿರಬೇಡಿ, ಕೇಳಿ ಪಡೆಯಿರಿ.

ಇನ್ನು ಅಪ್ಪ ಮಗನಿಗೆ "ಖರೀದಿ" ಹಾಕಿಕೊಡುವ ಚಾಳಿ. ದಾನ ಎಂದರೆ ಅಳಿಯ ತಕರಾರು ತೆಗೆಯುತ್ತಾನೆ, ಖರೀದಿ ಎಂದರೆ ಗಟ್ಟಿ ಎಂದು ಯಾರೋ ಬಾಂಡ್ ರೈಟರು ಹೇಳಿರುತ್ತಾನೆ. ಶುದ್ಧ ದಂಡ! ರಕ್ತ ಸಂಬಂಧದಲ್ಲಿ ದಾನಪತ್ರಕ್ಕೆ, ಪಾಲಿನ ಪತ್ರಕ್ಕೆ ಮುದ್ರಾಂಕ ಶುಲ್ಕ ನಿಗದಿಯಾದ ಸಣ್ಣ ಮೊತ್ತ. ಕ್ರಯಪತ್ರಕ್ಕೆ ಬೆಲೆಯ ಮೇಲೆ ಶೇಕಡಾವಾರು, ಮೇಲೆ ಸೆಸ್ಸು. ನೋಂದಣಿ ಶುಲ್ಕವನ್ನೂ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಿದ್ದಾರೆ. ಕೊಡದ ದುಡ್ಡನ್ನು ಕೊಟ್ಟೆ ಎಂದು ಬರೆಸಿ, ಅದರ ಮೇಲೆ ಕೊಡಬೇಕಾಗಿಲ್ಲದ ಶುಲ್ಕ ಕಟ್ಟಿ ಬರುವುದು ಯಾವ ಶಾಣ್ಯಾತನ?

ಹೆಣ್ಣುಮಕ್ಕಳ ಪಾಲಿನ ಮಾತು ಬಂದರೆ ನಮ್ಮ ಕಟ್ಟೆಗಳು ತೆಪ್ಪಗಾಗುತ್ತವೆ. ಅದಕ್ಕೇ ಇಲ್ಲಿ ಬಿಚ್ಚಿ ಹೇಳುತ್ತೇನೆ. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ಅಪ್ಪ ಬದುಕಿರಬೇಕು ಎಂದು 2015ರಲ್ಲಿ ನಮ್ಮ ರಾಜ್ಯದ್ದೇ ಆದ ಫೂಲಾವತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದನ್ನು ನಂಬಿ ಎಷ್ಟೋ ಮನೆಗಳು ಅಕ್ಕತಂಗಿಯರನ್ನು ಬಿಟ್ಟು ಪಾಲು ಮಾಡಿಕೊಂಡವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಂದು, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದಿತು. ಇದಕ್ಕೆ ತಡೆ ಒಂದೇ, 2004ರ ಡಿಸೆಂಬರ್ 20ಕ್ಕಿಂತ ಮೊದಲು ನಿಜವಾಗಿ ಆಗಿಹೋದ ಪಾಲು ಅಥವಾ ಪರಭಾರೆ. ಬಿಳಿ ಹಾಳೆಯ ಮೇಲೆ ಹಿರಿಯರು ಹೆಬ್ಬೆಟ್ಟೊತ್ತಿದ ಪಾಲುಪಟ್ಟಿಯನ್ನು, ಸರ್ಕಾರಿ ದಾಖಲೆಯ ಬೆಂಬಲ ಇಲ್ಲದ ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಪಂಚಮಿಗೆ ತವರಿಗೆ ಬಂದ ತಂಗಿಗೆ ಸೀರೆ ಉಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾವೆಲ್ಲ ಬಲ್ಲೆವು. ಮೋಸದಿಂದ ಪಡೆದ ಸಹಿ ಹತ್ತು ವರ್ಷದ ಮೇಲೆ ದಾವೆಯಾಗಿ ಬರುತ್ತದೆ. ತಡೆಯಾಜ್ಞೆ ಬಂದ ಹೊಲಕ್ಕೆ ಹೊಸ ಬೆಳೆಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ, ಕೊಳ್ಳುವವನೂ ಬರುವುದಿಲ್ಲ. ಕೊಡುವುದನ್ನು ಕೊಟ್ಟು, ಇಲ್ಲವೇ ಅದರ ಬೆಲೆ ತೀರಿಸಿ, ಓದಿ ಹೇಳಿ ಸಹಿ ಹಾಕಿಸಿರಿ. ಅಪ್ಪನ ಸ್ವಯಾರ್ಜಿತ ಹೊಲವನ್ನು ಮರಣಶಾಸನದಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು, ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನಷ್ಟೇ. ಮುಸಲ್ಮಾನ ಬಾಂಧವರಿಗೆ ಕಾನೂನು ಬೇರೆ. ಅವರಲ್ಲಿ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಯಿಲು ನಡೆಯದು.

ಪಾಲಿನ ಜೊತೆಗೆ ಸಾಲವೂ ಬರುತ್ತದೆ. ಇಲ್ಲಿಯೂ ಕಾಯ್ದೆ ಬದಲಾಗಿದೆ, ಆದರೆ ಸಾಹುಕಾರರು ಅದನ್ನು ನಿಮಗೆ ಹೇಳುವುದಿಲ್ಲ. ಮೊದಲು ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬುದನ್ನೇ ಕಾನೂನಾಗಿ ಹಿಡಿದು ಕೋರ್ಟುಗಳು ವಸೂಲಿಗೆ ಬಿಡುತ್ತಿದ್ದವು. 2005ರ ತಿದ್ದುಪಡಿ ಅದನ್ನು ಮುರಿಯಿತು. ಆ ಮೇಲೆ ಆದ ಅಪ್ಪನ ಸಾಲಕ್ಕೆ, ಮಗ ಎಂಬ ಒಂದೇ ಕಾರಣಕ್ಕೆ ಯಾರೂ ಬೆನ್ನು ಹತ್ತುವಂತಿಲ್ಲ. ಅಪ್ಪನಿಂದ ಕೈಗೆ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಹೊಣೆ. ನೀವು ದುಡಿದು ಕೊಂಡ ಎರಡೆಕರೆ, ನಿಮ್ಮ ಹೆಂಡತಿಯ ಬಂಗಾರ ಅದರಲ್ಲಿ ಸೇರುವುದಿಲ್ಲ, ನೀವೇ ಜಾಮೀನು ಹಾಕಿದ್ದರೆ ಮಾತು ಬೇರೆ. ತಿಥಿಯ ದಿನ ಖಾಲಿ ಬಾಂಡಿನ ಮೇಲೆ ಸಹಿ ಕೇಳಿದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಹೊಸ ಸಹಿ ಹಾಕಿದಿರೋ, ಅಪ್ಪನ ಸಾಲ ನಿಮ್ಮ ಸಾಲವಾಯಿತು. ಆದರೆ ಬ್ಯಾಂಕು, ಸಹಕಾರಿ ಸಂಘದ ಬೋಜಾ ಪಹಣಿಯ 11ನೇ ಕಾಲಮ್ಮಿನಲ್ಲಿ ಕೂತಿದ್ದರೆ ಅದು ಹೊಲದ ಜೊತೆಗೇ ನಡೆದು ಬರುತ್ತದೆ. ಪಾಲು ಮಾಡುವಾಗ ಎಕರೆಯಂತೆ ಸಾಲವನ್ನೂ ಹಂಚಿ ಪತ್ರದಲ್ಲೇ ಬರೆಸಿ, ಸಂಘಕ್ಕೂ ತಿಳಿಸಿ. ಇಲ್ಲವಾದರೆ ಹಿರಿಯಣ್ಣನ ತಲೆ ಮೇಲೆ ಬೋಜಾ, ತಮ್ಮಂದಿರ ಕೈಯಲ್ಲಿ ಹೊಲ.

ಬದುಕಿದ್ದಾಗಲೇ ಎಲ್ಲವನ್ನೂ ಮಗನಿಗೆ ದಾನ ಬರೆದ ಮುದುಕರ ಪಾಡು ನಿಮಗೇ ಗೊತ್ತು. ದಾನ ಒಮ್ಮೆ ಆದರೆ ಮನಸ್ಸು ಬದಲಾಯಿತೆಂದು ವಾಪಸ್ಸು ಬರದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಒಂದು ದಾರಿ ಇಟ್ಟಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು, ನೋಡಿಕೊಳ್ಳದಿದ್ದರೆ ರದ್ದು ಕೇಳಬಹುದು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಷರತ್ತು ಇರಲೇಬೇಕು ಎಂದಿತು. 2025ರ ಜನವರಿ 2ರ ತೀರ್ಪು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಓದಬೇಕು ಎಂದಿತು. ತೀರ್ಪು ಅತ್ತಿತ್ತ ತೂಗುವಾಗ ಜಾಣತನ ಇಷ್ಟೇ: ಅನ್ನ, ಔಷಧ, ಇರಲು ಮನೆ ಎಂಬ ಷರತ್ತನ್ನು ದಾನಪತ್ರದಲ್ಲಿ ಬಾಯಿಬಿಟ್ಟು ಬರೆಸಿರಿ. ಮೂರೂ ತಾಲೂಕಿನವರು ಅರ್ಜಿ ಕೊಡಬೇಕಾದದ್ದು ಲಿಂಗಸುಗೂರಿನ ಉಪವಿಭಾಗಾಧಿಕಾರಿಗಳಿಗೆ, ವಕೀಲರಿಲ್ಲದೆಯೂ ಕೊಡಬಹುದು. ನನ್ನನ್ನು ಕೇಳಿದರೆ ದಾನಕ್ಕಿಂತ ಮರಣಶಾಸನ ಮೇಲು. ಬೇಕೆಂದಾಗ ಬದಲಿಸಬಹುದು, ಸಾಯುವ ತನಕ ಹೊಲ ನಿಮ್ಮದು. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಕೊನೆಗೆ ಪೌತಿ ಖಾತೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷದ ಮೇಲೂ ಉಳಿದಿದೆ, ಉಳಿಯಲಿ. ನಿಮ್ಮ ಅಜ್ಜನ ಹೆಸರು ಪಹಣಿಯಲ್ಲಿ ಹಾಗೆ ಉಳಿಯಬಾರದು. ಸತ್ತವರ ಹೆಸರಿಗೆ ಬೆಳೆಸಾಲ ಇಲ್ಲ. ಸಹಕಾರಿ ಸಂಘಗಳಲ್ಲಿ 2023ರಲ್ಲಿ 3ರಿಂದ 5 ಲಕ್ಷಕ್ಕೆ ಏರಿಸಿದ ಬಡ್ಡಿಯಿಲ್ಲದ ಸಾಲ ನಿಮ್ಮ ಹೆಸರಿಗೆ ಖಾತೆ ಇದ್ದರೆ ತಾನೇ? ಇಲ್ಲದವನು ಅಡತಿ ಅಂಗಡಿಗೆ ಹೋಗುತ್ತಾನೆ, ಅಲ್ಲಿಯ ಬಡ್ಡಿ ಎಷ್ಟೆಂದು ಇಲ್ಲಿ ಬರೆಯಬೇಕಾಗಿಲ್ಲ. 1964ರ ಭೂಕಂದಾಯ ಕಾಯ್ದೆ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಕೊಡಿ ಎನ್ನುತ್ತದೆ. 2025ರಿಂದ ಕಂದಾಯ ಇಲಾಖೆ ಇ-ಪೌತಿ ಎಂದು ಆಂದೋಲನವನ್ನೂ ನಡೆಸಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹಿಡಿದು ಗ್ರಾಮ ಆಡಳಿತಾಧಿಕಾರಿಯ ಬಳಿ ಹೋಗಿರಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟು ಬರೆಸಬೇಡಿ, ಹಳೆಯ ಖಾಸ್ರಾ ಪಹಣಿಯ ನಕಲೂ ಜೊತೆಗಿರಲಿ. ಅರ್ಜಿ ಕೊಟ್ಟ ರಸೀದಿ ಕೇಳಿ ತೆಗೆದುಕೊಳ್ಳಿ, ಅದರ ಮೇಲಿನ ತಾರೀಖು ನೋಡಿ.