ಚಳಿಯಿಲ್ಲದ ಚಳಿಗಾಲ ಮತ್ತು ನಮ್ಮ ಋತುಚರ್ಯೆ

ಶಿವರಾತ್ರಿಯಂದು ಚಳಿಯು ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಅಲ್ಲಿಯವರೆಗೆ ಚಳಿ ಇದ್ದೇ ಇರುತ್ತದೆ ಎಂಬ ಭರವಸೆ ಆ ಮಾತಿನಲ್ಲಿದೆ. ಈಚಿನ ವರ್ಷಗಳಲ್ಲಿ ಆ ಭರವಸೆ ಸಡಿಲಗೊಂಡಿದೆ. ಭಾರತೀಯ ಹವಾಮಾನ ಇಲಾಖೆಯ ದಾಖಲೆಯಂತೆ, 1901ರಿಂದ ಈಚಿನ ಫೆಬ್ರವರಿಗಳಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 2023ರಲ್ಲಿ ಅತ್ಯಧಿಕವಾಗಿತ್ತು. ಆ ವರ್ಷ ಶಿವರಾತ್ರಿ ಬಂದದ್ದು ಫೆಬ್ರವರಿ 18ರಂದು. ಮರುವರ್ಷ, 2024ರ ಜನವರಿಯ ಬಹುಭಾಗ ಕಾಶ್ಮೀರದ ಗುಲ್ಮಾರ್ಗ್ ಹಿಮವಿಲ್ಲದೆ ಬರಿದಾಗಿತ್ತು.

ನಮ್ಮ ಚಿಂಚೋಳಿ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿ ಚಳಿಗಾಲದ ಕುರುಹು ಇಬ್ಬನಿ. ಎರೆಭೂಮಿಯ ಬಿಳಿಜೋಳ ಮತ್ತು ಕಡಲೆ ನೆಲದ ತೇವ, ಇಬ್ಬನಿ ಹಾಗೂ ತಂಪನ್ನು ನಂಬಿ ಬೆಳೆಯುವ ಪೈರುಗಳು. ಬಿಸಿಲು ಬೇಗ ಏರಿದರೆ ಅವು ಅವಸರದಲ್ಲಿ ಮಾಗಿ ಕಾಳು ಸಣ್ಣದಾಗುತ್ತದೆ. ಕಡಲೆಯ ಹೊಲದಲ್ಲಿ ರಾತ್ರಿ ಬಿಳಿಯ ಬಟ್ಟೆ ಹಾಸಿ, ಬೆಳಗಿನ ಜಾವ ಅದನ್ನು ಹಿಂಡಿ ಹುಳಿ ತೆಗೆಯುವ ಪದ್ಧತಿ ಬಹಳ ಹಳೆಯದು. ಆಯುರ್ವೇದದಲ್ಲಿ ಚಣಕಾಮ್ಲವೆಂಬ ಹೆಸರಿನ ಈ ಹುಳಿ ಅಜೀರ್ಣಕ್ಕೆ ಔಷಧ. ಇಬ್ಬನಿ ಬೀಳದಿದ್ದರೆ ಆ ಬಟ್ಟೆ ಒದ್ದೆಯೂ ಆಗದು. ಹೊಲದಲ್ಲಾಗುವ ಈ ಬದಲಾವಣೆ ದೇಹದಲ್ಲಿಯೂ ಆಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಚರಕಸಂಹಿತೆಯು ಕಾಲದ ಮೂರು ವಿಕೃತಿಗಳನ್ನು ಹೇಳುತ್ತದೆ. ಋತುವಿನ ಗುಣ ಮಿತಿಮೀರಿದರೆ ಅತಿಯೋಗ, ಕೊರತೆಯಾದರೆ ಅಯೋಗ, ವಿಪರೀತವಾದರೆ ಮಿಥ್ಯಾಯೋಗ. ಚಳಿಗಾಲದಲ್ಲಿ ಚಳಿ ಸಾಲದಿರುವುದು ಅಯೋಗ. ಚಳಿಗಾಲದಲ್ಲಿಯೇ ಸೆಕೆ ಕಾಣಿಸುವುದು ಮಿಥ್ಯಾಯೋಗ. ಇವು ರೋಗಕ್ಕೆ ಕಾರಣವೆಂದು ಶಾಸ್ತ್ರ ಸ್ಪಷ್ಟವಾಗಿ ಹೇಳಿದೆ.

ಹೇಮಂತದಲ್ಲಿ ಹೊರಗಿನ ಚಳಿಯಿಂದ ದೇಹದ ಉಷ್ಣ ಒಳಗೇ ಉಳಿದು ಜಠರಾಗ್ನಿ ಪ್ರಬಲವಾಗುತ್ತದೆ. ಆದ್ದರಿಂದಲೇ ಆ ಕಾಲಕ್ಕೆ ಎಳ್ಳು, ಬೆಲ್ಲ, ತುಪ್ಪ, ಹಾಲು ಮೊದಲಾದ ಗುರು ಮತ್ತು ಸ್ನಿಗ್ಧ ಆಹಾರ ವಿಹಿತ. ನಮ್ಮ ಎಳ್ಳ ಅಮಾವಾಸ್ಯೆ ಮತ್ತು ಸಂಕ್ರಾಂತಿಯ ಅಡುಗೆ ಈ ತಿಳಿವಳಿಕೆಗೆ ಒಪ್ಪುವಂಥದು. ಆದರೆ ಚಳಿಯೇ ಬಾರದಿದ್ದರೆ ಅಗ್ನಿ ಆ ಬಲವನ್ನು ಪಡೆಯುವುದಿಲ್ಲ. ಅದೇ ಆಹಾರ ಆಗ ಅಜೀರ್ಣಕ್ಕೆ ಕಾರಣವಾಗುತ್ತದೆ. ಶಿಶಿರದಲ್ಲಿ ಸಂಚಯವಾದ ಕಫ ವಸಂತದ ಬಿಸಿಲಿಗೆ ಕರಗಿ ಕೆಮ್ಮು, ನೆಗಡಿ, ಅರುಚಿ ತರುವುದು ಸಹಜ ಕ್ರಮ. ಬಿಸಿಲು ಮುಂಚೆಯೇ ಬಂದರೆ ಈ ವ್ಯಾಧಿಗಳೂ ಮುಂಚೆಯೇ ಬರುತ್ತವೆ.

ಹೀಗಿದ್ದರೂ ನಾವು ಕ್ಯಾಲೆಂಡರ್ ನೋಡಿಯೇ ನಡೆಯುತ್ತೇವೆ. ಪುಷ್ಯಮಾಸವೆಂಬ ಕಾರಣಕ್ಕೆ ಶುಂಠಿ, ಮೆಣಸಿನ ಕಷಾಯವನ್ನು ದಿನಕ್ಕೆ ಮೂರು ಬಾರಿ ಕುಡಿದು, ಬಾಯಿಹುಣ್ಣು, ಹುಳಿತೇಗು, ಉರಿಮೂತ್ರವೆಂದು ಬರುವವರನ್ನು ನಾನು ಕಾಣುತ್ತಿದ್ದೇನೆ. ಹಸುಗೂಸುಗಳನ್ನು ಸೆಕೆಯಲ್ಲಿಯೂ ಉಣ್ಣೆಬಟ್ಟೆಯಲ್ಲಿ ಸುತ್ತಿ, ಕಿಟಕಿ ಮುಚ್ಚಿ, ಹೊಗೆ ಹಾಕುತ್ತಾರೆ. ಮಗು ಬೆವೆತು ಅಳುತ್ತದೆ. ತೊಗರಿಯ ರಾಶಿ ಮಾಡುವ ತಾಯಂದಿರು, ಶಹಾಬಾದಿನ ಪರಸಿಕಲ್ಲಿನ ಗಣಿಗಳಲ್ಲಿ ದುಡಿಯುವವರು ‘ಚಳಿಗಾಲದಲ್ಲಿ ನೀರಡಿಕೆ ಎಲ್ಲಿಯದು’ ಎಂದು ನೀರು ಕುಡಿಯುವುದನ್ನೇ ಮರೆಯುತ್ತಾರೆ. ಧೂಳಿನ ನಡುವೆ ಬೆವರು ಹರಿಸುವ ದೇಹಕ್ಕೆ ನೀರು ಸಾಲದಿದ್ದರೆ ಮೂತ್ರಾಶ್ಮರಿಗೆ, ಅಂದರೆ ಮೂತ್ರದ ಕಲ್ಲಿಗೆ, ದಾರಿಯಾಗುತ್ತದೆ.

ಹಾಗಾದರೆ ಹಿರಿಯರ ಪದ್ಧತಿಯನ್ನು ಬಿಡಬೇಕೇ ಎಂದು ಕೆಲವರು ಕೇಳಬಹುದು. ಬಿಡಬೇಕಾಗಿಲ್ಲ. ಹಬ್ಬದ ದಿನದ ಎಳ್ಳುಬೆಲ್ಲ ಪ್ರಸಾದ. ಅದನ್ನು ಭಕ್ತಿಯಿಂದ ಸ್ವೀಕರಿಸೋಣ. ತಿಂಗಳುಗಟ್ಟಲೆ ಅದನ್ನೇ ಪಥ್ಯವೆಂದು ತಿನ್ನುವುದನ್ನು ಮಾತ್ರ ಬಿಡೋಣ. ಹಿರಿಯರು ಆಕಾಶವನ್ನೂ ಗಿಡಮರಗಳನ್ನೂ ನೋಡಿ ಋತುವನ್ನು ಅರಿತರು. ನಾವು ಅವರ ಊಟವನ್ನು ಉಳಿಸಿಕೊಂಡು ಅವರ ನೋಟವನ್ನು ಕಳೆದುಕೊಂಡೆವು. ಅರಿವಿನೊಡನೆ ಆಚಾರವಿರಬೇಕೆಂಬುದು ಶರಣರ ನಿಲುವು. ಆಹಾರಕ್ಕೂ ಆ ಮಾತು ಸಲ್ಲುತ್ತದೆ.

ಇಬ್ಬನಿ ನಿಂತಿತೇ, ಮಧ್ಯಾಹ್ನ ನೆರಳು ಬೇಕೆನಿಸುತ್ತಿದೆಯೇ, ಮುತ್ತುಗ ಹೂಬಿಟ್ಟಿತೇ ಎಂದು ಗಮನಿಸಿರಿ. ಈ ಲಕ್ಷಣಗಳು ಕಂಡರೆ ತಿಂಗಳು ಯಾವುದೇ ಇರಲಿ, ಕರಿದದ್ದನ್ನೂ ಸಿಹಿಯನ್ನೂ ತಗ್ಗಿಸಿ ಜೋಳದ ರೊಟ್ಟಿ, ಹೆಸರುಬೇಳೆ, ಸೊಪ್ಪಿನ ಪಲ್ಯ, ಮಜ್ಜಿಗೆಯಂಥ ಲಘು ಆಹಾರಕ್ಕೆ ಬನ್ನಿರಿ. ಹಗಲುನಿದ್ರೆ ಬೇಡ. ಬದಲಾವಣೆ ಒಮ್ಮೆಗೇ ಆಗಬಾರದು. ಒಂದು ಋತುವಿನ ಕೊನೆಯ ಏಳು ದಿನ ಮತ್ತು ಮುಂದಿನ ಋತುವಿನ ಮೊದಲ ಏಳು ದಿನ ಋತುಸಂಧಿಯೆಂದೂ, ಆಗ ಹಳೆಯದನ್ನು ಕ್ರಮವಾಗಿ ಬಿಟ್ಟು ಹೊಸದನ್ನು ಹಿಡಿಯಬೇಕೆಂದೂ ವಾಗ್ಭಟಾಚಾರ್ಯರು ಹೇಳಿದ್ದಾರೆ. ಹಗಲು ಸೆಕೆ, ನಸುಕಿನಲ್ಲಿ ಚಳಿ ಇರುವಾಗ ವೃದ್ಧರೂ ದಮ್ಮಿನ ರೋಗಿಗಳೂ ಸೂರ್ಯ ಏರಿದ ಮೇಲೆಯೇ ಸ್ನಾನ ಮಾಡುವುದು ಲೇಸು. ರಕ್ತದೊತ್ತಡ ಹಾಗೂ ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಬದಲಿಸಬಾರದು.

ವೈಯಕ್ತಿಕ ಪಥ್ಯದಿಂದ ಮಾತ್ರ ಈ ಸಮಸ್ಯೆ ತೀರದು. ವಾಯು, ಜಲ, ದೇಶ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನ. ಅವು ಕೆಟ್ಟರೆ ಬೇರೆ ಬೇರೆ ಪ್ರಕೃತಿಯ ಜನರೂ ಒಟ್ಟಿಗೇ ರೋಗಕ್ಕೆ ತುತ್ತಾಗುತ್ತಾರೆ ಎಂದು ಚರಕರ ಜನಪದೋಧ್ವಂಸನೀಯ ಅಧ್ಯಾಯ ತಿಳಿಸುತ್ತದೆ. ಅದರ ಮೂಲ ಜನರ ಅಧರ್ಮವೆಂದೂ ಅಲ್ಲಿ ಹೇಳಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡು ನಮ್ಮ ಸೀಮೆಯ ತಂಪು. ಅಲ್ಲಿ ಕೊಡಲಿ ಹಾಕುವುದು, ಬೆಂಕಿ ಇಡುವುದು ಈ ಅರ್ಥದಲ್ಲಿ ಅಧರ್ಮವೇ.

ಶ್ರೀಮಠದ ಸದ್ಭಕ್ತರಲ್ಲಿ ನನ್ನದೊಂದು ವಿನಂತಿ. ಯುಗಾದಿಯ ಹೊತ್ತಿಗೆ ಇಡುವ ಅರವಟ್ಟಿಗೆಗಳನ್ನು ಇನ್ನು ಮುಂದೆ ಶಿವರಾತ್ರಿಗೇ ಇಡೋಣ. ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೂ ಹೊಲದಿಂದ ಮರಳುವವರಿಗೂ ನೀರು ಆಗಲೇ ಬೇಕಾಗಿರುತ್ತದೆ. ಬಾಯಾರಿದವರಿಗೆ ಹೊತ್ತಿಗೆ ಸರಿಯಾಗಿ ಸಿಕ್ಕ ನೀರೂ ದಾಸೋಹವೇ.